ಗುಡ್ಡದ ನೆತ್ತಿಯ ಕುಂಕುಮ

ರೈಲಿನಲ್ಲಿ ಜಪಾನಿನ ಚಿತ್ರಗಳ ಪೆಟ್ಟಿಗೆ ಕಳೆಯಬಹುದು. ಹಮಾಲ ಅದರ ಮೇಲೆ ಕುಳಿತು ಬೀಡಿ ಸೇದಬಹುದು. ಶಾಲೆಯ ಹಂಚು ಸೋರಬಹುದು, ಗೆದ್ದಲು ಹತ್ತಬಹುದು, ಆಡು ಒಳನುಗ್ಗಿ ಇಡೀ ಜಪಾನನ್ನೇ ಮೇಯಬಹುದು. ಗಾಜು ಒಡೆಯಬಹುದೆಂದೂ ಹೆದರಿದ್ದೆ. ಆಮೇಲೆ ತಿಳಿಯಿತು, ಚಿತ್ರಗಳಿಗೆ ಗಾಜೇ ಇಲ್ಲ. ಅಂದು ಹಾಯಾಗಿ ನಿದ್ದೆ ಮಾಡಿದೆ.

ಮೊನ್ನೆ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ, ಜಪಾನಿನ ಅದೇ ಹಿಮದ ಗುಡ್ಡದ ಚಿತ್ರದ ಮುಂದೆ ಅಣ್ಣನ ಜೊತೆ ನಿಂತಾಗ ಆ ಹಳೆಯ ಹೆದರಿಕೆಗಳೆಲ್ಲ ನೆನಪಾದವು. ನಿಮಗೂ ಹೀಗಾಗುತ್ತದೆಯೇ? ಬೀಳದ ಏಟಿಗೆಲ್ಲ ಮೈ ಕಾಯ್ದುಕೊಂಡು, ಬೀಳುವ ಏಟಿಗೆ ಬೆನ್ನು ಕೊಡುವುದು ನನ್ನ ಜಾಯಮಾನ.

ಆಗ ಕನ್ನಡ ನಾಡು ಒಂದಾದ ಹೊಸತು. ನಾನು ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಅಣ್ಣ ಬೆಟಗೇರಿಯ ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರ. ಬೆಂಗಳೂರಿಗೆ ಬರೆದು ಬರೆದು, ಜಪಾನಿನ ಕಟ್ಟಿಗೆ ಅಚ್ಚಿನ ಚಿತ್ರಗಳನ್ನು ಶಾಲೆಯಲ್ಲಿ ಪ್ರದರ್ಶನಕ್ಕಿಡಲು ನಮ್ಮೂರಿಗೆ ತರಿಸಿದ. ಜೊತೆಗೆ ಬಂದ ಮ್ಯೂಸಿಯಮ್ಮಿನ ಸಾಹೇಬರು, "ಇದನ್ನ ಚೆನ್ನಾಗಿ ನಡೆಸಿಕೊಡಿ ಮೇಷ್ಟ್ರೇ, ನಮ್ಮಲ್ಲೇ ನಿಮಗೊಂದು ಕೆಲಸ ಇದೆ" ಎಂದರು. ಹುಡುಗರಿಂದ ಮಾವಿನಕಾಯಿ ಬರೆಸಿ ಸಾಕಾಗಿದ್ದ ಅಣ್ಣನಿಗೆ ನೆಲ ಕಾಣದಾಯಿತು.

ನಮ್ಮ ಕಡೆ ಗೋಡೆಗೆ ಪಟ ಏರಿತೆಂದರೆ ಒಳಗಿರುವುದು ದೇವರು, ಇಲ್ಲವೇ ತೀರಿಕೊಂಡವರು. ಇಬ್ಬರಿಗೂ ಕುಂಕುಮ ತಪ್ಪದು. ಅವ್ವ ಒಮ್ಮೆ ಕ್ಯಾಲೆಂಡರಿನ ರೈಲು ಇಂಜಿನ್ನಿಗೂ ಹಚ್ಚಿದ್ದಳು. ಪ್ರದರ್ಶನಕ್ಕೂ ಅವಳು ನಳದಲ್ಲಿ ಕೈಕಾಲು ತೊಳೆದೇ ಬಂದಳು.

"ಇದ್ಯಾವ ಗುಡ್ಡೋ?"

"ಅಲ್ಲಿ ಮಂದಿ ಇದಕ್ಕ ದೇವರಂತ ಕೈ ಮುಗೀತಾರಬೇ ಯವ್ವಾ," ಎಂದು ಅಣ್ಣ ಹೆಮ್ಮೆಯಿಂದ ಹೇಳಿ ಸಾಹೇಬರತ್ತ ತಿರುಗಿದ. ಅಷ್ಟರಲ್ಲಿ ಅವ್ವ ಎಲೆಅಡಿಕೆ ಸಂಚಿಯಿಂದ ಕುಂಕುಮದ ಭರಣಿ ತೆಗೆದು, ಒದ್ದೆ ಬೆರಳಿನಿಂದ ಗುಡ್ಡದ ನೆತ್ತಿಗೆ ಇಟ್ಟಾಗಿತ್ತು. ಕಾಗದ ಹೀರಿಕೊಂಡುಬಿಟ್ಟಿತು.

"ಹುಚ್ಚಿ ಅದಿಯೇನ್ ಬೇ ನೀ?" ಅಣ್ಣ ಎಲ್ಲರೆದುರು ಚೀರಿದ.

"ದೇವರಂತ ನೀನ ಹೇಳಿದೆಲ್ಲೋ."

ಸಾಹೇಬರು ಚೀರಲಿಲ್ಲ. ಚೀರಿದ್ದರೆ ಚೆನ್ನಾಗಿತ್ತು. "ನಿಮ್ಮ ಕಡೆಯವರಿಗೆ ಇನ್ನೂ ಸ್ವಲ್ಪ ಕಾಲ ಬೇಕು ಮೇಷ್ಟ್ರೇ," ಎಂದು ನಕ್ಕು, ಮರುದಿನದ ಗಾಡಿಗೆ ಪೆಟ್ಟಿಗೆ ಏರಿಸಿದರು. ನಾಡೇನೋ ಒಂದಾಗಿತ್ತು. ಕೆಲಸದ ಸುದ್ದಿ ಮತ್ತೆ ಬರಲಿಲ್ಲ. ಅಣ್ಣ ಮಾವಿನಕಾಯಿ ಬರೆಸುತ್ತಲೇ ನಿವೃತ್ತನಾದ. ಅವ್ವ ಸಾಯುವತನಕ ಗೋಡೆಯ ಯಾವ ಪಟಕ್ಕೂ ಕೈ ಹಚ್ಚಲಿಲ್ಲ; ಹಚ್ಚು ಎಂದು ಅಣ್ಣನೂ ಹೇಳಲಿಲ್ಲ.

ಮೊನ್ನೆಯೂ ನನಗೆ ಹೆದರಿಕೆಗಳಿದ್ದವು: ಅಣ್ಣ ಅತ್ತಾನು, ಕಾವಲುಗಾರನ ಜೊತೆ ಜಗಳ ತೆಗೆದಾನು. ಅವನು ಕನ್ನಡಕ ಏರಿಸಿ ಚಿತ್ರದ ಹತ್ತಿರ ಬಗ್ಗಿದ. ಚಿತ್ರ ವಿವರಿಸುವ ಹುಡುಗಿ ಬಂದು ಗುಡ್ಡದ ನೆತ್ತಿ ತೋರಿಸಿದಳು.

"ಇಲ್ನೋಡಿ ಸರ್, ಮುಳುಗ್ತಿರೋ ಸೂರ್ಯ. ಒಂದೇ ಒಂದು ಚುಕ್ಕೆ! ಕಲಾವಿದನ ಕೈಚಳಕ ಅಂದ್ರೆ ಇದೇ."

ಅಣ್ಣ ಆ ಚುಕ್ಕೆಯತ್ತ ಬೆರಳು ಚಾಚಿದ.

"ಕಲಾವಿದ ಅಲ್ಲ ತಂಗಿ," ಎಂದ. "ನಮ್ಮವ್ವ. ಬೆಟಗೇರಿಯಾಕಿ."

ವಯಸ್ಸಾದವರಿಗೆ ನಗುವ ಹಾಗೆ ನಕ್ಕು, ಹುಡುಗಿ ಮುಂದಿನ ಚಿತ್ರಕ್ಕೆ ನಡೆದಳು.

ಈ ಸಲವೂ ನಾನು ಹೆದರಿದ್ದು ಯಾವುದೂ ಆಗಲಿಲ್ಲ. ತಪ್ಪಿದ್ದು ಒಂದೇ, ಸಣ್ಣದು: ಆ ಮಾತು ಕೇಳಬೇಕಾದ ಅವ್ವ ಇರಲಿಲ್ಲ.