ಹಿತ್ತಲಲ್ಲಿ ಸಿಕ್ಕಿಬಿದ್ದ ರೋಲರ್

ನಮ್ಮ ಭಾವನ ಕಸುಬು ಜನರ ಮನೆಯ ಹೊರಭಾಗವನ್ನು ಕಟ್ಟುವುದು. ಅಂಗಳಕ್ಕೆ ಕಲ್ಲುಹಾಸು, ಹಿತ್ತಲಿಗೆ ಗೋಡೆ, ಕೂರಲು ಕಟ್ಟೆ, ಗಿಡಕ್ಕೆ ಪಾತಿ, ಮಳೆನೀರಿಗೆ ಇಳಿಜಾರು. ಒಮ್ಮೆ ಕಟ್ಟಿದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಬಾರದೆಂಬುದು ಅವರ ಹಟ. ಅದಕ್ಕೇ ಜನ ‘ಶಾಶ್ವತಣ್ಣ’ ಎಂದು ಅಡ್ಡಹೆಸರಿಟ್ಟಿದ್ದರು. ಭಾವ ಅದನ್ನು ಬಿರುದೆಂದೇ ತಿಳಿದಿದ್ದರು.

ಅವರು ಅಗೆಯುವ ಆಳ ನೋಡಿದ ದಾರಿಹೋಕರು “ಬಾವೀನಾ?” ಎಂದು ಕೇಳುವುದಿತ್ತು. ತೋಡಿದ ಗುಂಡಿಗೆ ಜಲ್ಲಿ, ಜಲ್ಲಿಯ ಮೇಲೆ ಮರಳು, ಪ್ರತಿ ಪದರಕ್ಕೂ ರೋಲರ್, ಆಮೇಲೆ ಕಲ್ಲು. ಕೆಲಸ ಮುಗಿದ ದಿನ ಮನೆಮಂದಿಯೆಲ್ಲ ಹೊಸ ಕಲ್ಲಿನ ಮೇಲೆ ಒಟ್ಟಿಗೆ ಕುಣಿಯಬೇಕು. ಅದು ಪರೀಕ್ಷೆ.

“ಏನಾದ್ರೂ ಅಲ್ಲಾಡ್ತಾ?” ಎಂದು ಭಾವ ಕೇಳಿದ್ದಕ್ಕೆ “ಹೂಂ, ನನ್ನ ಹೊಟ್ಟೆ” ಎಂದ ದಢೂತಿ ವಕೀಲರೊಬ್ಬರು ಇನ್ನೊಂದು ಸಲ ಕುಣಿಯಬೇಕಾಯಿತಂತೆ. “ನಾನಿಟ್ಟ ಒಂದು ಕಲ್ಲನ್ನೂ ಇವತ್ತಿನವರೆಗೆ ಯಾರೂ ಕಿತ್ತಿಲ್ಲ” ಎಂಬ ಮಾತನ್ನು ಭಾವನಿಂದ ಕೇಳಿಸಿಕೊಳ್ಳದ ನೆಂಟನಿಲ್ಲ. ಕೆಲವರು ಆ ಮಾತಿಗೇ ಹೆದರಿ ಬರುವುದು ಬಿಟ್ಟಿದ್ದರು.

ಇಂಥವರ ಸ್ವಂತ ಹಿತ್ತಲು ಮಾತ್ರ ಬರೀ ಕೆಸರು. ಬಟ್ಟೆ ಒಣಹಾಕಲು ಅಕ್ಕ ಹಲಗೆಯ ಮೇಲೆ ಸರ್ಕಸ್ಸಿನವಳ ಹಾಗೆ ನಡೆಯುತ್ತಿದ್ದಳು. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಿ ಹತ್ತಿರವಾದಾಗ ಖಡಾಖಂಡಿತವಾಗಿ ಹೇಳಿಬಿಟ್ಟಳು: “ರೀ, ಕೊನೇ ಭಾನುವಾರ ಆಫೀಸಿನವರನ್ನೆಲ್ಲ ಹಿತ್ತಲಿಗೇ ಚಹಾಕ್ಕೆ ಕರೆದಿದ್ದೀನಿ. ಕೆಸರಲ್ಲಿ ಕೂರಿಸ್ತೀರೋ ಕಲ್ಲಿನ ಮೇಲೋ, ನಿಮಗೆ ಬಿಟ್ಟಿದ್ದು.”

ಭಾವ ಟೊಂಕ ಕಟ್ಟಿದರು. ಸ್ನೇಹಿತನ ಹತ್ತಿರವಿದ್ದ, ಕೂತು ಓಡಿಸುವ ಪುಟ್ಟ ರೋಲರ್ ತಂದರು, ಅಗೆದರು, ತುಂಬಿದರು, ಒತ್ತಿದರು. ಸುತ್ತ ಆಳೆತ್ತರದ ಕಲ್ಲುಗೋಡೆ ಎಬ್ಬಿಸಿ, ತಟ್ಟೆ ಹಿಡಿದ ಒಬ್ಬರು ದಾಟುವಷ್ಟು ಅಗಲದ ಚೆಂದದ ಗೇಟನ್ನೂ ಇಟ್ಟರು. ಹಿತ್ತಲು ಕನ್ನಡಿಯಂತಾಯಿತು.

ಆ ಭಾನುವಾರ ಮಧ್ಯಾಹ್ನ ಸ್ನೇಹಿತ ಬಂದ. “ಶಾಶ್ವತಣ್ಣಾ, ರೋಲರ್ ಕೊಡಿ. ನಾಳೆ ರಸ್ತೆ ಕೆಲಸ ಇದೆ.”

“ಒಯ್ಯಪ್ಪ” ಎಂದ ಭಾವ ರೋಲರನ್ನು ನೋಡಿದರು. ಗೇಟನ್ನು ನೋಡಿದರು. ಮತ್ತೆ ರೋಲರನ್ನು ನೋಡಿದರು. ಅದು ಒಳಗೆ ಬಂದಾಗ ಗೋಡೆಯೇ ಇರಲಿಲ್ಲ.

“ಈ ಗೋಡೆ ಕಟ್ಟಿದ ಪುಣ್ಯಾತ್ಮ ಯಾರು?” ಎಂದ ಸ್ನೇಹಿತ.

“ಇನ್ಯಾರು, ನಾನೇ!” ಎಂದು ಎದೆಯುಬ್ಬಿಸಿದ ಭಾವ ಆಮೇಲೆ ನಾಲಿಗೆ ಕಚ್ಚಿಕೊಂಡರು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಸ್ಟೂಲು ಹತ್ತಿ ಗೋಡೆಯಾಚೆಯಿಂದ ತಲೆ ತೋರಿಸಿದರು. “ಇದು ಸರಳ ರೇಖಾಗಣಿತ. ಓರೆಯಾಗಿ ತಿರುಗಿಸಿ.” ಓರೆಯಾಗಿ ತಿರುಗಿಸಿದರು. ಗೇಟಿನ ಹೊಸ ಬಣ್ಣ ಹೋಯಿತೇ ಹೊರತು ರೋಲರ್ ಹೋಗಲಿಲ್ಲ. ಗೋಡೆಯ ಮೇಲಿಂದ ಎತ್ತಿಸೋಣವೆಂದರೆ ನಮ್ಮ ಭಾವನ ಓಣಿಗೆ ಕ್ರೇನೂ ನುಗ್ಗುವಂತಿರಲಿಲ್ಲ.

“ಇಲ್ಲೇ ಇರಲಿ ಬಿಡು, ಬಳ್ಳಿ ಹಬ್ಬಿಸ್ತೀನಿ” ಎಂದು ಭಾವ ಗೊಣಗಿದರು.

“ನಾಳೆ ರಸ್ತೆಗೆ ನಾನೇನು ಲಟ್ಟಣಿಗೆ ತಗೊಂಡು ಹೋಗ್ಲಾ?”

ಇನ್ನುಳಿದದ್ದು ಒಂದೇ ದಾರಿ. ಭಾವ ತಮ್ಮದೇ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮುಖ ತಿರುಗಿಸಿದರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾತು ಆಫೀಸಿನವರು ಬರುವುದರೊಳಗೆ ಮಣ್ಣುಪಾಲಾಗುವುದರಲ್ಲಿತ್ತು. ಸ್ನೇಹಿತ ಸುತ್ತಿಗೆ ಬೀಸಿದ. ಠಣ್! ಗೋಡೆ ಮಿಸುಕಲಿಲ್ಲ. ಮತ್ತೆ ಬೀಸಿದ. ಸುತ್ತಿಗೆಯ ಹಿಡಿ ಮುರಿದು ತಲೆ ಪಾತಿಗೆ ಹಾರಿತು.

“ಕಂಡ್ಯಾ! ಕಂಡ್ಯಾ!” ಭಾವ ಚಪ್ಪಾಳೆ ತಟ್ಟಿದರು. “ಮೇಷ್ಟ್ರೇ, ನೀವೂ ಒಂದು ಏಟು ಕೊಡಿ, ಸಂಕೋಚ ಬೇಡ!”

ಮೇಷ್ಟ್ರು ಬಂದರು, ಹಾರೆಯಿಂದ ಗುದ್ದಿದರು, ಭುಜ ಹಿಡಿದುಕೊಂಡು ಕೂತರು. ಭಾವನ ಮುಖದಲ್ಲಿ ಹುಣ್ಣಿಮೆ.

ಅಷ್ಟರಲ್ಲಿ ಹೊಸ ಸೀರೆಯುಟ್ಟ ಅಕ್ಕ ಹೊರಗೆ ಬಂದಳು. “ರೀ, ಗೋಡೆ ಗೆದ್ರೆ ನೀವು ಸೋತ ಹಾಗೆ. ಅದಾದ್ರೂ ತಲೆಗೆ ಹೋಯ್ತಾ?”

ಹುಣ್ಣಿಮೆಗೆ ಗ್ರಹಣ ಹಿಡಿಯಿತು. ಅಕ್ಕ ಗೋಡೆ ನೋಡಿದಳು, ರೋಲರ್ ನೋಡಿದಳು, ಕೊನೆಗೆ ಮನೆಯತ್ತ ತಿರುಗಿದಳು. ನಡುಮನೆಯ ದೊಡ್ಡ ಕಿಟಕಿ ಹಿತ್ತಲಿಗೇ ಮುಖ ಮಾಡಿತ್ತು.

“ಆ ಕಿಟಕಿಯ ಕೆಳಗಿನ ಗೋಡೆ ಕಟ್ಟಿದ್ದು ಯಾರು?”

“ಯಾರೋ ಹಳೇ ಮೇಸ್ತ್ರಿ. ನಾನಲ್ಲ.”

“ಹಾಗಾದ್ರೆ ಅದನ್ನ ಒಡೀರಿ. ನಡುಮನೆ ದಾಟಿ ಮನೆ ಮುಂದಿನ ಜೋಡಿ ಬಾಗಿಲಿಂದ ರೋಲರೂ ಹೋಗುತ್ತೆ, ನಿಮ್ಮ ಮಾತೂ ಉಳಿಯುತ್ತೆ.”

ಭಾವ ಅಕ್ಕನನ್ನು ನೋಡಿದ ಆ ನೋಟವನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ. ಕಿಟಕಿ ಬಿಚ್ಚಿದರು. ಕೆಳಗಿನ ಗೋಡೆ ಇಸ್ಪೀಟಿನ ಮನೆಯಂತೆ ಕುಸಿಯಿತು. “ಥೂ, ಬಿಸ್ಕತ್ತಲ್ಲಿ ಕಟ್ಟಿದ್ದಾನೆ!” ಎಂದು ಭಾವ ಖುಷಿಯಿಂದ ಉಗಿದರು. ನೆಲಕ್ಕೆ ಹಲಗೆ ಹಾಸಿ, ಸೋಫಾ ಗೋಡೆಗೆ ಒರಗಿಸಿ, ಸ್ನೇಹಿತ ರೋಲರ್ ಚಾಲೂ ಮಾಡಿದ. ಗಡಗಡ ಸದ್ದಿಗೆ ಶೋಕೇಸಿನ ಲೋಟಗಳೆಲ್ಲ ಕೈಕೈ ಹಿಡಿದು ಕುಣಿದವು.

ಸರಿಯಾಗಿ ಅದೇ ಹೊತ್ತಿಗೆ, ಭಾಷಣದ ಕಾಗದ ಹಿಡಿದು ಪೋಸ್ಟ್‌ಮಾಸ್ಟರು ಆಫೀಸಿನವರನ್ನೆಲ್ಲ ಕರೆದುಕೊಂಡು ಹೊಸ್ತಿಲಿಗೆ ಬಂದರು. ಎದುರಿಗೆ ನಡುಮನೆಯಿಂದ ರೋಲರ್. ಅದರ ಮೇಲೆ ಸೆರಗು ಸಿಕ್ಕಿಸಿಕೊಂಡು ಕೂತ ಅಕ್ಕ.

“ದಾರಿ ಬಿಡಿ ಸಾರ್, ಪಾರ್ಸಲ್ ಬರ್ತಿದೆ!”

ಪೋಸ್ಟ್‌ಮಾಸ್ಟರು ಭಾಷಣವನ್ನು ಜೇಬಿಗೆ ತುರುಕಿ, “ನಾನೂ ಒಂದು ರೌಂಡು ಕೂರಬಹುದಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಓಣಿಯ ತುದಿಯವರೆಗೂ ಒಬ್ಬೊಬ್ಬರಿಗೂ ಸವಾರಿ ಸಿಕ್ಕಿತು. “ಕೊನೆಗೂ ರೇಖಾಗಣಿತವೇ ಗೆದ್ದಿತು” ಎಂದು ಮೇಷ್ಟ್ರು ಎಲ್ಲರಿಗೂ ತಿಳಿಸುತ್ತಿದ್ದರು.

ಆಮೇಲೆ ಗೋಡೆಯ ಆ ಬಾಯಿಯಿಂದಲೇ ಎಲ್ಲರೂ ನಗುತ್ತಾ ಹಿತ್ತಲಿಗಿಳಿದರು. ನಡುಮನೆಗೆ ಎಂದೂ ಇಲ್ಲದ ಗಾಳಿ, ಬೆಳಕು.

“ನಾಳೆಯೇ ಇದನ್ನ ಮುಚ್ಚಿಬಿಡ್ತೀನಿ ಕಣೇ” ಎಂದರು ಭಾವ.

“ಮುಚ್ಚಿದ್ರೆ ನೋಡಿ! ಇಲ್ಲಿ ಬಾಗಿಲಾಗ್ಬೇಕು.” ಅಕ್ಕ ಆ ಸಂದಿಯಲ್ಲಿ ಎರಡೂ ಕೈ ಪೂರ್ತಿ ಚಾಚಿ ನಿಂತಳು. “ಇಷ್ಟಗಲ.”

“ಇಷ್ಟು ಅಗಲ ಯಾಕೆ?”

“ಮುಂದೆ ನೀವು ಇನ್ನೇನನ್ನ ಒಳಗೆ ತಂದು ಮರೀತೀರೋ, ಯಾರಿಗೆ ಗೊತ್ತು!”

ಭಾವ ಸೀಮೆಸುಣ್ಣ ತೆಗೆದು ಅವಳ ಬೆರಳ ತುದಿಗಳಿಗೆ ಗುರುತು ಹಾಕಿದರು. ಒಂದು ಕ್ಷಣ ಯೋಚಿಸಿ, ಎರಡೂ ಕಡೆ ಇನ್ನೊಂದು ಗೇಣು ಸೇರಿಸಿದರು.