ಹೆಂಡತಿ ಕೊಟ್ಟ ಎರಡು ರ‍್ಯಾಕ್

ಕೋವಿಡ್ ಕಳೆದು ಜನ ಮುಖದ ಮಾಸ್ಕ್ ತೆಗೆದ ವರ್ಷ ಅದು. ಗೋಣಿಬೀಡು ಕಡೆಯ ಒಂದು ಸಣ್ಣ ಪ್ಲಾಂಟರ್ಸ್ ಕ್ಲಬ್ಬಿಗೆ ನಾನು ಸೆಕ್ರೆಟರಿಯಾಗಿದ್ದೆ. ಅಡಿಗೆಮನೆಯ ಸಾಮಾನಿನಿಂದ ಹಿಡಿದು ಮೆಂಬರ್‌ಗಳ ಮುನಿಸಿನವರೆಗೆ ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತಿತ್ತು. ಇದರ ಜೊತೆಗೆ ಪೂಲ್ ರೂಮಿನ ಹ್ಯಾಂಡಿಕ್ಯಾಪರ್ ಕೂಡ ನಾನೇ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮ ತಲೆಗೆ ತುಂಬಿದ್ದ ಫೇರ್ ಪ್ಲೇ ಎಂಬ ಮಾತು ನಿಜಕ್ಕೂ ಉಪಯೋಗಕ್ಕೆ ಬಂದದ್ದು ಆ ಕೆಲಸದಲ್ಲಿ ಮಾತ್ರ. ಪೂಲ್ ಟೇಬಲ್ಲಿನ ಆ ಹಸಿರು ಬಟ್ಟೆ, ಚಾಕ್ ಪುಡಿಯ ವಾಸನೆ ಈಗಲೂ ಕೆಲವು ಸಂಜೆ ನೆನಪಾಗುತ್ತವೆ.

ಹ್ಯಾಂಡಿಕ್ಯಾಪ್ ಎಂದರೇನು ಎಂದು ಹೇಳಿಬಿಡುತ್ತೇನೆ. ಪೂಲ್ ಎಂದರೆ ಬಿಲಿಯರ್ಡ್ಸ್ ಥರದ ಟೇಬಲ್ ಆಟ, ಅದರ ಒಂದು ಸುತ್ತಿಗೆ ರ‍್ಯಾಕ್ ಎನ್ನುತ್ತಾರೆ. ಬಿಳಿ ಚೆಂಡಿನಿಂದ ಹೊಡೆದು ತನ್ನ ಪಾಲಿನ ಏಳು ಚೆಂಡುಗಳನ್ನು ಪಾಕೆಟ್ಟಿಗೆ ಇಳಿಸಿ, ಕೊನೆಗೆ ಕಪ್ಪು ಚೆಂಡನ್ನೂ ಇಳಿಸಿದವರು ಆ ರ‍್ಯಾಕ್ ಗೆದ್ದಂತೆ. ಮೊದಲು ಐದು ರ‍್ಯಾಕ್ ಮುಟ್ಟಿದವರಿಗೆ ಪಂದ್ಯ. ಬಲವಾದವರು ಮತ್ತು ದುರ್ಬಲರು ಎದುರಾದಾಗ ದುರ್ಬಲರಿಗೆ ಆಟಕ್ಕೆ ಮೊದಲೇ ಒಂದೋ ಎರಡೋ ರ‍್ಯಾಕ್ ಕೊಟ್ಟಿರುತ್ತೇವೆ. ಅದು ಸ್ಟಾರ್ಟ್. ಯಾರಿಗೆ ಎಷ್ಟು ಎಂದು ತೀರ್ಮಾನಿಸುವುದು ಹ್ಯಾಂಡಿಕ್ಯಾಪರ್ ಕೆಲಸ.

ನಮ್ಮ ಕ್ಲಬ್ಬಿನಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಸ್ಟಾರ್ಟ್ ಕೊಡುವವರು ಎಲ್ಲರ ಮುಂದೆ ಎದ್ದುನಿಂತು “ಇಷ್ಟು ಕೊಟ್ಟೆ” ಎನ್ನಬೇಕು, ಪಡೆಯುವವರು “ತಗೊಂಡೆ” ಎನ್ನಬೇಕು. ಹಾಗೆ ಹೇಳದಿದ್ದರೆ ಪಂದ್ಯವಿಲ್ಲ. ಆಮೇಲೆ ಯಾರೂ ತಕರಾರು ತೆಗೆಯಬಾರದೆಂದು ಹಿಂದಿನವರು ಮಾಡಿಟ್ಟದ್ದು.

ಆ ವರ್ಷದ ಲೀಗ್ ಸುತ್ತಿನಲ್ಲಿ ಎಲ್ಲರೂ ಎಲ್ಲರ ಜೊತೆ ಸ್ಟಾರ್ಟ್ ಇಲ್ಲದೆ ಆಡಿದರು, ಸ್ಟಾರ್ಟ್ ಫೈನಲ್ಲಿಗೆ ಮಾತ್ರ. ಮೊದಲ ಎರಡು ಸ್ಥಾನ ಗಂಡ ಹೆಂಡತಿಗೆ ಬಂತು. ಗಂಡ ಧನಂಜಯ ನಮ್ಮ ಹಳೆಯ ಚಾಂಪಿಯನ್, ಚಡ್ಡಿ ಹಾಕಿಕೊಂಡು ಕ್ಲಬ್ಬಿಗೆ ಬರುತ್ತಿದ್ದ ಕಾಲದಿಂದ ನನಗೆ ಗೊತ್ತು. ಹೆಂಡತಿ ಸುಮಿತ್ರ. ಲಾಕ್‌ಡೌನಿನಲ್ಲಿ ಜೊತೆಗೆ ಆಡುವವರಿಲ್ಲದೆ ಧನಂಜಯ ತನ್ನ ಬಂಗಲೆಯ ಟೇಬಲ್ ಮೇಲೆ ಅವಳಿಗೆ ಆಟ ಕಲಿಸಿದ್ದ. ಅವಳು ಎಲ್ಲರನ್ನೂ ಸೋಲಿಸಿದಳು, ಅವನೊಬ್ಬನಿಗೆ ಮಾತ್ರ ಸೋತಳು. ಫೈನಲ್ ಗೆದ್ದವರು ಚಿಕ್ಕಮಗಳೂರಿನ ಇಂಟರ್‌ಕ್ಲಬ್ ಪಂದ್ಯಕ್ಕೆ ಹೋಗಬೇಕು. ಹೆಂಗಸರು ಯಾರೂ ಅಲ್ಲಿಯವರೆಗೆ ಹೋದದ್ದಿಲ್ಲ. ಸುಮಿತ್ರಳಿಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಮುಚ್ಚಿಡಲು ಆ ವಿಷಯವನ್ನೇ ಎತ್ತುತ್ತಿರಲಿಲ್ಲ.

ಗಂಡನಿಗೆ ಅವಳು ಸೋತ ಆಟವನ್ನು ನಾನು ಗೋಡೆಗೊರಗಿ ಪೂರ್ತಿ ನೋಡಿದ್ದೆ. ಆಡಲು ಬಾರದವರು ಗುರಿ ತಪ್ಪಿದಾಗ ಬಿಳಿ ಚೆಂಡು ಮನಸ್ಸಿಗೆ ಬಂದ ಕಡೆ ಓಡುತ್ತದೆ. ಬೇಕೆಂದೇ ತಪ್ಪಿಸುವವರ ಬಿಳಿ ಚೆಂಡು ಹಾಗಲ್ಲ. ಸುಮಿತ್ರ ತಪ್ಪಿದಾಗಲೆಲ್ಲ ಅದು ಗಂಡನಿಗೆ ಸುಲಭದ ಹೊಡೆತ ಸಿಗುವ ಜಾಗಕ್ಕೇ ಹೋಗಿ ಮೆತ್ತಗೆ ನಿಲ್ಲುತ್ತಿತ್ತು. ಒಂದು ಸಲವಾಗಿದ್ದರೆ ಲಕ್ ಎನ್ನಬಹುದಿತ್ತು.

ವೆರಾಂಡಕ್ಕೆ ಕರೆದು ಕೇಳಿದೆ. “ಎಂತಕ್ಕೆ ಹಾಗೆ ಆಡಿದೆ?”

“ಮನೇಲಿ ಉಂಡಿದ್ದು ಅರಗ್ಬೇಕಲ್ಲ ಆಂಟಿ” ಎಂದಳು. “ಫೈನಲ್ಲಿಗೆ ನಂಗೇ ಸ್ಟಾರ್ಟ್ ಬರೀರಿ. ಅವ್ರು ಕೊಟ್ಟಿದ್ದು ತಗೊಂಡು ಸೋತುಬಿಡ್ತೀನಿ. ಕ್ಲಬ್ಬಿಗೆ ಬರೋದಾದ್ರೂ ಉಳಿಯುತ್ತೆ.”

ನಾನು ಹಾಗೆ ಬರೆಯಲಿಲ್ಲ. ಸುಮಿತ್ರ ಎ ಗ್ರೇಡ್, ಧನಂಜಯ ಸಿ ಗ್ರೇಡ್, ಗ್ರೇಡಿಗೆ ಒಂದರಂತೆ ವ್ಯತ್ಯಾಸ ಎರಡು ರ‍್ಯಾಕ್ ಎಂದು ಬೋರ್ಡಿಗೆ ಹಾಕಿಸಿದೆ. ಆಟ ಇದ್ದಷ್ಟು ಬರೆಯುವುದೇ ನನ್ನ ಕೆಲಸ. ಮನೆಯ ಹವಾಮಾನ ನೋಡಿ ಗ್ರೇಡ್ ಹಾಕಿದರೆ ಅದಕ್ಕೆ ಹ್ಯಾಂಡಿಕ್ಯಾಪ್ ಎನ್ನುವುದಿಲ್ಲ.

ಧನಂಜಯ ಅರ್ಧ ಗಂಟೆಯೊಳಗೆ ಆಫೀಸಿಗೆ ಬಂದ. ನಗುತ್ತಲೇ ಇದ್ದ.

“ಆಂಟಿ, ಬೋರ್ಡಲ್ಲಿ ಹೆಸರು ಅದಲುಬದಲಾಗಿದೆ.”

“ಆಗಿಲ್ಲ ಧನು.”

ಅವನು ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕರೆದ. ಅವಳು ಬಂದು ನಿಂತಳು. “ಆಂಟಿ ಏನೋ ಹೇಳ್ತಿದಾರೆ. ನನಗಿಂತ ಚೆನ್ನಾಗಿ ಆಡ್ತೀಯಂತೆ. ಹೌದಾ?”

ಸುಮಿತ್ರ ನೆಲ ನೋಡಿದಳು.

“ಕೇಳಿದ್ದು ಕೇಳಿಸ್ಲಿಲ್ವ? ಹೌದೋ, ಅಲ್ವೋ?”

“ಅಲ್ಲ” ಎಂದಳು.

“ನೋಡಿ ಆಂಟಿ. ಅವಳಿಗೇ ಗೊತ್ತಿರೋದು ನಿಮಗೆ ಗೊತ್ತಾಗಲ್ಲ.”

ಬೋರ್ಡ್ ಬದಲಾಗುವುದಿಲ್ಲ, ಬೇಡವೆಂದರೆ ನೀನು ಫೈನಲ್ ಬಿಟ್ಟುಕೊಟ್ಟಂತೆ ಎಂದೆ. ಬಿಟ್ಟುಕೊಡುವ ಪೈಕಿ ಅವನಲ್ಲ.

ಫೈನಲ್ ಸಂಜೆ ಪೂಲ್ ರೂಮಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಅರ್ಧ ಜನ ಆಟ ನೋಡಲು ಬಂದದ್ದೇ ಅಲ್ಲ. ಜಾವಳಿಯ ಪ್ಲಾಂಟರ್ ಶ್ರೀಕಂಠ, ಧನಂಜಯನ ಹಳೆಯ ಗೆಳೆಯ, ಮುಂದಿನ ಕುರ್ಚಿ ಹಿಡಿದು ಕೂತಿದ್ದ.

ಸುಮಿತ್ರ ಎದ್ದು, ಕೇಳಿಸುವಷ್ಟು ಮಾತ್ರ ಹೇಳಿದಳು. “ಎರಡು ಕೊಟ್ಟೆ.”

ಧನಂಜಯ ತನ್ನ ಕ್ಯೂವಿನ, ಅಂದರೆ ಹೊಡೆಯುವ ಕೋಲಿನ, ತುದಿಗೆ ಚಾಕ್ ಉಜ್ಜುತ್ತಾ ನಿಂತಿದ್ದ.

“ತಗೊಳ್ಳೊ ಮಾರಾಯ” ಎಂದ ಶ್ರೀಕಂಠ. “ಮನೇದೇ ಅಲ್ವ, ನಾಚಿಕೆ ಎಂತದು?”

ನಗು ನಿಲ್ಲುವವರೆಗೂ ಧನಂಜಯ ಕಾದ. ಆಮೇಲೆ ನಿಧಾನವಾಗಿ ಹೇಳಿದ. “ಇವಳು ಮೈಮೇಲೆ ಹಾಕಿರೋದು ನಾನು ಕೊಟ್ಟಿದ್ದು. ಬಂದಿರೋ ಕಾರು ನಾನು ಕೊಟ್ಟಿದ್ದು. ಕೈಲಿರೋ ಕ್ಯೂ ನಾನು ಕೊಟ್ಟಿದ್ದು. ಕೊಟ್ಟಿದ್ರಲ್ಲಿ ಎರಡು ವಾಪಸ್ ತಗೊಂಡೆ.”

ಈ ಸಲ ನಗು ಇನ್ನೂ ಜೋರಾಗಿತ್ತು. ಸುಮಿತ್ರ ಕೈಯಲ್ಲಿದ್ದ ಕ್ಯೂವನ್ನು ಗಂಡನ ಪಕ್ಕ ಗೋಡೆಗೆ ಒರಗಿಸಿದಳು. ಸ್ಟ್ಯಾಂಡಿನಿಂದ ಕ್ಲಬ್ಬಿನ ಒಂದು ಹಳೆಯ ಕ್ಯೂ ತೆಗೆದುಕೊಂಡಳು. ಅದರ ತುದಿ ಸವೆದಿತ್ತು.

ಆ ಕೋಲಿನಲ್ಲೇ ಐದು ರ‍್ಯಾಕ್ ಸತತವಾಗಿ ಗೆದ್ದಳು. ಅಷ್ಟು ಸುಂದರವಾದ ಆಟವನ್ನು ನಾನು ನೋಡಿರಲಿಲ್ಲ, ಅಷ್ಟು ಕಠೋರವಾದದ್ದನ್ನೂ ನೋಡಿರಲಿಲ್ಲ. ಪ್ರತಿ ರ‍್ಯಾಕ್‌ನಲ್ಲೂ ಅವನಿಗೆ ಒಂದೇ ಒಂದು ಅವಕಾಶ ಬಿಡುತ್ತಿದ್ದಳು, ಅದೂ ಯಾವ ಕೋನದಿಂದಲೂ ಸಾಧ್ಯವಾಗದ ಹೊಡೆತ. ಅವನು ಬಗ್ಗಿ ಪ್ರಯತ್ನಿಸಬೇಕು, ಜನ ನೋಡಬೇಕು, ತಪ್ಪಬೇಕು. ಕೊನೆಯ ಕಪ್ಪು ಚೆಂಡು ಇಳಿದಾಗ ಬೋರ್ಡಿನಲ್ಲಿ ಐದು–ಎರಡು ಎಂದಿತ್ತು.

“ಧನು, ಇಸ್ಕೊಂಡ ಎರಡು ಹಾಗೇ ಇದ್ಯಲ್ಲ. ಒಂದೂ ಖರ್ಚಾಗಿಲ್ಲ ಮಾರಾಯ” ಎಂದ ಶ್ರೀಕಂಠ.

ಸ್ವಲ್ಪ ಮೊದಲು ಅವಳಿಗೆ ನಕ್ಕವರೇ ಈಗ ಅವನಿಗೂ ನಕ್ಕರು. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಎರಡಿತ್ತು, ನಿಜಕ್ಕೂ ನಾಲ್ಕಿರಬೇಕಿತ್ತು. ಅವಳು ಬಚ್ಚಿಡುತ್ತಿದ್ದಾಳೆಂದು ಕಂಡಿತ್ತು, ಎಷ್ಟು ಎಂದು ಕಂಡಿರಲಿಲ್ಲ.

ಚಿಕ್ಕಮಗಳೂರಿಗೆ ಹೊರಡುವ ಬೆಳಿಗ್ಗೆ ನಾನೇ ಜೀಪಿನ ಪಕ್ಕ ಕಾಯುತ್ತಾ ನಿಂತಿದ್ದೆ. ಸುಮಿತ್ರ ಬರಲಿಲ್ಲ. “ಅವಳಿಗೆ ತಲೆನೋವು” ಎಂದು ಧನಂಜಯನ ಮೆಸೇಜ್ ಬಂತು. ಅವಳ ಬದಲು ಶ್ರೀಕಂಠ ಹೋಗಿ ಮೊದಲ ಸುತ್ತಿನಲ್ಲೇ ಸೋತುಬಂದ. ಅವಳು ಮತ್ತೆ ಕ್ಲಬ್ಬಿಗೆ ಬರಲಿಲ್ಲ.

ಮುಂದಿನ ವರ್ಷ ನಾನು ರಿಟೈರ್ ಆದೆ. ಹೊರಡುವ ಮೊದಲು ಅವರ ಎಸ್ಟೇಟಿಗೆ ಹೋದೆ. ಧನಂಜಯ ಅದೇ ನಗುವಿನಲ್ಲಿ ಬರಮಾಡಿಕೊಂಡ. “ಬನ್ನಿ ಆಂಟಿ. ಹಿಂದುಗಡೆ ಒಂದು ಒಳ್ಳೇ ಕಲ್ಲು ಹಾಕ್ಸಿದೀನಿ. ಏ, ಆಂಟಿಗೆ ತೋರಿಸು. ಹಾಗೇ ಎರಡು ನಿಂಬೆಹಣ್ಣು ಕಿತ್ಕೊಂಡು ಬಂದು ಶರಬತ್ತು ಮಾಡು.”

ಪೂಲ್ ಟೇಬಲ್ಲಿನ ಹಸಿರು ಬಟ್ಟೆಯ ಕೆಳಗೆ ಭಾರಿ ಸ್ಲೇಟ್ ಕಲ್ಲು ಇರುತ್ತದೆ. ಬಂಗಲೆಯ ಟೇಬಲ್ ಬಿಚ್ಚಿಸಿ, ಆ ಕಲ್ಲನ್ನು ಬಚ್ಚಲ ಹಿಂದೆ ಬಟ್ಟೆ ಒಗೆಯಲು ಹಾಕಿಸಿದ್ದ. ಅದರ ಮೂಲೆಯಲ್ಲಿ ಪಾಕೆಟ್ಟಿಗಾಗಿ ಕೊರೆದ ಅರೆವೃತ್ತದ ಕಚ್ಚು ಹಾಗೇ ಇತ್ತು. ಅಲ್ಲಿ ಸೋಪಿನ ತುಂಡು ಸಿಕ್ಕಿಸಿದ್ದರು.

“ಒಗೆಯೋ ಕಲ್ಲು ಅಂದ್ರೆ ಒಂಚೂರು ಇಳಿಜಾರು ಇರ್ಬೇಕು ಆಂಟಿ, ನೀರು ಹೋಗೋಕೆ” ಎಂದಳು ಸುಮಿತ್ರ. “ಇದ್ರಲ್ಲಿ ನೀರು ನಿಲ್ಲುತ್ತೆ ಅಂತ ದಿನಾ ಬೈತಾರೆ. ಮೇಸ್ತ್ರಿ ಕಲ್ಲು ಕೂರಿಸೋವಾಗ ಲೆವೆಲ್ ಹಿಡಿದೋಳು ನಾನೇ.”

ಸೆರಗಿನಿಂದ ಒಂದು ಜಾಗ ಒರೆಸಿ, ಕಿತ್ತು ತಂದಿದ್ದ ಒಂದು ನಿಂಬೆಹಣ್ಣನ್ನು ಅಲ್ಲಿ ಇಟ್ಟಳು. ಅದು ಅಲ್ಲಾಡಲಿಲ್ಲ.

“ಈಗ ಅವ್ರ ಜೊತೆ ಆಡಿದ್ರೆ ಎಷ್ಟು ಬರೀತೀರ?”

ಒಂದು ವರ್ಷ ಕ್ಯೂ ಮುಟ್ಟದವರನ್ನು ನಾಲ್ಕು ಗ್ರೇಡ್ ಇಳಿಸುವುದು ನಮ್ಮ ನಿಯಮ, ಅವಳಿಗೆ ಹೆಚ್ಚಿದ್ದ ನಾಲ್ಕೂ ಅದರಲ್ಲೇ ಹೋದವು. ಅವಳ ಬಗ್ಗೆ ನನಗೆ ಸುಳ್ಳು ಬರೆದು ಅಭ್ಯಾಸವಿರಲಿಲ್ಲ. “ಈಗ ನೀವಿಬ್ಬರೂ ಸಮ ಮಾರಾಯ್ತಿ. ಯಾರಿಗೂ ಏನೂ ಕೊಡೋದಿಲ್ಲ” ಎಂದೆ.

ಅವಳು ತಲೆಯಾಡಿಸಿ ನಿಂಬೆಹಣ್ಣು ಎತ್ತಿಕೊಂಡು ಒಳಗೆ ಹೋದಳು. ಇಬ್ಬರನ್ನು ಸಮ ಮಾಡಬೇಕಾದರೆ ಕಡಿಮೆಯಿದ್ದವರಿಗೆ ಕೊಡಬೇಕು ಎಂದಷ್ಟೇ ನಾನು ಸರ್ವಿಸ್ ಪೂರ್ತಿ ತಿಳಿದಿದ್ದೆ. ಹೆಚ್ಚಿದ್ದವರಿಂದ ಕಿತ್ತುಕೊಂಡರೂ ಲೆಕ್ಕ ಅಷ್ಟೇ ಸರಿಯಾಗಿ ಕೂರುತ್ತದೆ ಎನ್ನುವುದು ಆ ಕಲ್ಲಿನ ಮುಂದೆ ನಿಂತಾಗ ಗೊತ್ತಾಯಿತು.