ಬೇರೆಯವರ ಓಟಿಗಾಗಿ ಹೋದವರು

ಮೊನ್ನೆ ತರೀಕೆರೆಯ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕಳಿಸಲು ನಿಂತಿದ್ದೆ. ಒಳಗೆ ಯಾರೋ ಚೀಲಕ್ಕೆ ಅರಗಿನ ಮೊಹರು ಹಾಕುತ್ತಿದ್ದರು. ಕಾದ ಅರಗಿನ ವಾಸನೆ ಕೌಂಟರಿನ ಈಚೆಗೂ ಬಂತು. ನಲವತ್ತು ವರ್ಷಕ್ಕೂ ಹಿಂದೆ, ಶಾಲೆಯ ಕೋಣೆಯೊಂದರಲ್ಲಿ ಮತಪೆಟ್ಟಿಗೆಗೆ ಅರಗು ಒತ್ತಿದಾಗ ಇದೇ ವಾಸನೆ ಇತ್ತು. ಆ ಪೆಟ್ಟಿಗೆಯೊಳಗೆ ಏನಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ನನ್ನ ಸರದಿ ಬಂದರೂ ಮುಂದೆ ಹೋಗದೆ ನಿಂತುಬಿಟ್ಟೆ. ನಮ್ಮ ಶಾಲೆಯ ಜವಾನರು ನೆನಪಾಗಿದ್ದರು...

ಅಜ್ಜಂಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಊರಿನ ಹೆಸರು ಬೇಡ. ಅವರು ಅದೇ ಊರಿನ ಕೇರಿಯವರು. ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದರು, ಕಾಗದಪತ್ರ ಒಯ್ಯುತ್ತಿದ್ದರು. ಅದಕ್ಕೂ ಮೊದಲು ಸೈನ್ಯದಲ್ಲಿದ್ದರು. ಅಲ್ಲೂ ಜವಾನ, ಇಲ್ಲೂ ಜವಾನ. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿ ದಾಟಿ ಹೋಗಿದ್ದಾಗ ಶೆಲ್ ಸಿಡಿದು ಎಡಗಿವಿ ಕೇಳದಂತಾಗಿತ್ತು. ಏನು ಹೇಳುವುದಿದ್ದರೂ ಬಲಗಡೆ ನಿಂತು ಹೇಳಬೇಕು. ಆಗ ನಾವೆಲ್ಲ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಬರೆಯಲು ಕೂತಾಗ ಬಹುವಚನ ತಾನಾಗಿ ಬರುತ್ತಿದೆ. ತಡವಾಯಿತು.

ಆ ಯುದ್ಧವನ್ನು ನಾನು ಮನಸಾರೆ ಬೆಂಬಲಿಸಿದ್ದೆ. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಸೈನಿಕರಿಗೆಂದು ಕಂಬಳಿ ಕೂಡಿಸಿದ್ದೆ. ಗಡಿಯಾಚೆ ಜನ ಓಟು ಹಾಕಿ ಗೆಲ್ಲಿಸಿದವರಿಗೆ ಅಧಿಕಾರ ಕೊಡದೆ ಆ ಜನರ ಮೇಲೇ ಬಂದೂಕು ತಿರುಗಿಸಿದ್ದಾರೆ, ನೋಡಿಕೊಂಡು ಕೂರುವುದು ಹೇಗೆ ಎಂದು ತರಗತಿಯಲ್ಲಿ ಕೇಳುತ್ತಿದ್ದೆ. ಆ ಪ್ರಶ್ನೆ ತಪ್ಪೆಂದು ಇವತ್ತಿಗೂ ನನಗೆ ಅನಿಸುವುದಿಲ್ಲ.

ಅವರು ಯುದ್ಧದ ವಿಷಯ ಹೆಚ್ಚು ಎತ್ತುತ್ತಿರಲಿಲ್ಲ. ಒಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ಹೇಳಿದ್ದರು. "ಅಲ್ಲೊಬ್ಬ ಮುದುಕಪ್ಪ ಎಳನೀರು ಕೆತ್ತಿ ಕೈಗೇ ಕೊಟ್ಟ ಮೇಡಂ. ಯಾವ ಜನ ಅಂತ ಕೇಳ್ಲಿಲ್ಲ. ಹರಕುಮುರುಕು ಹಿಂದೀಲಿ, ನಿಮ್ಮೂರಲ್ಲಿ ನೀನು ಓಟು ಹಾಕಿದ್ರೆ ಎಣಿಸ್ತಾರಾ ಅಂದ. ಎಣಿಸ್ತಾರೆ ಅಂದೆ." ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇತ್ತು. ಅವರದೇ ಊರಿನ ಹೋಟೆಲಿನಲ್ಲಿ ಅವರಿಗೆ ಲೋಟ ಬೇರೆ. ಕುಡಿದು ತಾವೇ ತೊಳೆದಿಡಬೇಕಿತ್ತು. ಆದರೂ ಓಟಿನ ಮಟ್ಟಿಗೆ ಅವರಿಗೆ ನಂಬಿಕೆ ಇತ್ತು.

ತುರ್ತು ಪರಿಸ್ಥಿತಿ ಮುಗಿದು ಚುನಾವಣೆ ಬಂತು. ಪ್ರಜಾಪ್ರಭುತ್ವ ತಿರುಗಿ ಬಂತೆಂದು ಎಲ್ಲರೂ ಹಿಗ್ಗಿದ್ದರು. ಹೆಂಗಸರ ಬೆರಳಿಗೆ ಶಾಯಿ ಹಚ್ಚಲು ಒಬ್ಬ ಹೆಂಗಸು ಇರಲಿ ಎಂದು ನನ್ನನ್ನು ಅದೇ ಊರಿನ ಮತಗಟ್ಟೆಗೆ ಹಾಕಿದರು. ಬೆಳಗ್ಗೆ ಎಲ್ಲ ಸರಿಯಾಗಿಯೇ ನಡೆಯಿತು. ಮಧ್ಯಾಹ್ನ ಊರಿನ ಚೇರ್ಮನ್ನರ ಮನೆಯಿಂದ ಊಟಕ್ಕೆ ಕರೆ ಬಂತು. "ನೀವು ಮೊದ್ಲು ಮುಗಿಸ್ಕೊಂಡು ಬನ್ನಿ ಮೇಡಂ" ಎಂದು ಮತಗಟ್ಟೆಯ ಅಧಿಕಾರಿ ನನ್ನನ್ನು ಕಳಿಸಿದರು. ಹೋಳಿಗೆ ಮಾಡಿಸಿದ್ದರು. ಎರಡು ತಿಂದೆ.

ತಿರುಗಿ ಬಂದಾಗ ಪಟ್ಟಿಯಲ್ಲಿ ಕೇರಿಯ ಅಷ್ಟೂ ಹೆಸರುಗಳ ಕೆಳಗೆ ಓಟು ಆಯಿತೆಂಬ ಗೆರೆ ಬಿದ್ದಿತ್ತು. ಓಟಿನ ಚೀಟಿ ಹರಿದುಕೊಟ್ಟ ಮೇಲೆ ಉಳಿದ ತುಂಡುಗಳ ಮೇಲಿನ ಹೆಬ್ಬೆಟ್ಟಿನ ಗುರುತುಗಳೆಲ್ಲ ಒಂದೇ ಹೆಬ್ಬೆಟ್ಟಿನವು ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಬಾಗಿಲಲ್ಲಿದ್ದ ಪೊಲೀಸಿನವನು ಹೊರಗೆ ನೋಡುತ್ತಾ ನಿಂತಿದ್ದ. ಅಧಿಕಾರಿ ನನ್ನ ಕಡೆ ತಿರುಗಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಜವಾನರು ಬಂದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಹಿಂದೆ ಕೇರಿಯ ನಲವತ್ತು ಜನ, ಜೊತೆಗೆ ಕಣ್ಣು ಮಂಜಾಗಿದ್ದ ಅವರ ತಾಯಿ.

"ನಿಮ್ದೆಲ್ಲಾ ಆಗೋಯ್ತು ಕಣ್ರಯ್ಯಾ, ಹೋಗಿ" ಎಂದ ಚೇರ್ಮನ್ನರ ಏಜೆಂಟು.

ಅವರು ಎಡಗೈ ಮುಂದೆ ಚಾಚಿದರು. "ಬೆರಳು ನೋಡಿ ಸಾರ್. ಓಟು ಹಾಕಿದ್ರೆ ಶಾಯಿ ಎಲ್ಲಿ?"

ಹಿಂದಿದ್ದವರೂ ಕೈ ಚಾಚಿದರು. ಯಾರ ಬೆರಳಿನಲ್ಲೂ ಗುರುತಿರಲಿಲ್ಲ. ಅಧಿಕಾರಿ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಸುಮ್ನೆ ಶಾಯಿ ಹಚ್ಚಿ ಕಳಿಸ್ಬಿಡಿ ಮೇಡಂ. ಇಲ್ದಿದ್ರೆ ನಿಮ್ಮ ಕೆಲ್ಸಕ್ಕೂ ಕುತ್ತು."

ಇನ್ನೊಬ್ಬರು ಓಟು ಹಾಕಿಬಿಟ್ಟಿದ್ದರೆ ನಿಜವಾದ ಮತದಾರನಿಗೆ ಬೇರೆ ಚೀಟಿ ಕೊಟ್ಟು ಅದನ್ನು ಪ್ರತ್ಯೇಕ ಕವರಿನಲ್ಲಿಡಬೇಕೆಂಬ ನಿಯಮ ನನಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ಓದಿದ್ದೆ. ಶಾಯಿಯ ಬಾಟಲಿ ಕೈಗೆ ತೆಗೆದುಕೊಂಡೆ. ಅವರು ಮುಷ್ಟಿ ಕಟ್ಟಿಕೊಂಡರು. ಏನು ನಡೆಯುತ್ತಿದೆಯೆಂದು ತಿಳಿಯದ ಅವರ ತಾಯಿ ಮಾತ್ರ ಮೇಜು ತಡವಿಕೊಂಡು ಮುಂದೆ ಬಂದು ಬೆರಳು ನೀಡಿದರು. ನಾನು ಶಾಯಿ ಹಚ್ಚಿದೆ.

"ಆಯ್ತಾ ತಾಯೀ, ನನ್ನ ಓಟು?"

"ಆಯ್ತಜ್ಜೀ" ಎಂದೆ.

ಜವಾನರು ನನ್ನ ಮುಖ ನೋಡಿದರು. ಬೈದಿದ್ದರೆ ಸಹಿಸಬಹುದಿತ್ತು...

ಸಂಜೆ ಪೆಟ್ಟಿಗೆಗೆ ಅರಗು ಒತ್ತಿದೆವು. ವಾರದೊಳಗೆ ಅವರು ಮೇಲಿನವರಿಗೆ ಅರ್ಜಿ ಬರೆದು, ಸಾಕ್ಷಿ ಎಂದು ರುಜು ಹಾಕಿಕೊಡಿ ಎಂದು ನನ್ನ ಮುಂದೆ ಇಟ್ಟರು. ಯೋಚನೆ ಮಾಡಿ ಹೇಳುತ್ತೇನೆ ಅಂದೆ. ವಿಚಾರಣೆಗೆ ಬಂದವರ ಮುಂದೆ, ನಾನು ಊಟಕ್ಕೆ ಹೋಗಿದ್ದೆ, ಏನೂ ನೋಡಲಿಲ್ಲ ಅಂದೆ. ಅರ್ಜಿ ಅಲ್ಲಿಗೇ ಮುಗಿಯಿತು. ಅವರು ಎಂದಿನಂತೆ ಗಂಟೆ ಹೊಡೆದರು, ನನ್ನ ಮೇಜಿಗೆ ಹಾಜರಿ ಪುಸ್ತಕ ತಂದಿಟ್ಟರು. ಹತ್ತು ವರ್ಷ ಕೆಲಸಕ್ಕೆ ಬೇಕಾದಷ್ಟು ಬಿಟ್ಟರೆ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ.

ಎಂಬತ್ತೇಳರಲ್ಲಿ ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋಯಿತು. ಶಾಂತಿ ನೆಲೆಸುವಂತೆ ಮಾಡಿ, ಚುನಾವಣೆ ನಡೆಸಿಕೊಟ್ಟು ಬರುತ್ತದೆ ಎಂದು ನಮ್ಮ ಮೇಷ್ಟ್ರುಗಳ ಕೋಣೆಯಲ್ಲಿ ದಿನವೂ ಚರ್ಚೆ. ಅಲ್ಲಿ ಸಾಯುತ್ತಿದ್ದ ಹುಡುಗರ ಸುದ್ದಿ ಪೇಪರಿನಲ್ಲಿ ಬಂದ ದಿನ ಮಾತು ಕ್ರಿಕೆಟ್ಟಿಗೆ ಹೊರಳುತ್ತಿತ್ತು. ಮುಂದಿನ ವರ್ಷದ ಸ್ವಾತಂತ್ರ್ಯ ದಿನಕ್ಕೆ ಚೇರ್ಮನ್ನರೇ ಮುಖ್ಯ ಅತಿಥಿ. ಬೇರೆಯವರಿಗೂ ಪ್ರಜಾಪ್ರಭುತ್ವ ಕಲಿಸುವ ದೇಶ ನಮ್ಮದು ಎಂದು ಅರ್ಧ ಗಂಟೆ ಮಾತಾಡಿದರು. ಆಮೇಲೆ ಹೆಡ್ಮೇಷ್ಟ್ರು ಯುದ್ಧ ಕಂಡವರಿಂದ ಎರಡು ಮಾತು ಎಂದು ಜವಾನರನ್ನು ಮೈಕಿನ ಮುಂದೆ ಕರೆದರು.

"ಅವತ್ತು ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ" ಎಂದರು ಅವರು. "ಅವ್ರ ಓಟು ಕಿತ್ಕೊಂಡಿದ್ರು, ಹೋದ್ವಿ. ನಮ್ಮೂರಲ್ಲಿ ಎಣಿಸ್ತಾರೆ ಅಂತ ಅಲ್ಲೊಬ್ಬ ಮುದುಕಪ್ಪಂಗೆ ಹೇಳ್ ಬಂದೆ. ಅದು ಸುಳ್ಳಾಯ್ತು. ಈಗ ಇನ್ನೊಂದು ದೇಶಕ್ಕೆ ಓಟು ಕೊಡ್ಸೋಕೆ ಹುಡುಗ್ರನ್ನ ಕಳಿಸಿದೀರಿ. ವಾಪಸ್ ಬಂದೋರ್ನ ಒಂದಿನ ನಮ್ಮೂರ ಬೂತಿಗೂ ಕಳಿಸಿ. ಊಟದ ಹೊತ್ತಿಗೆ ಕಳಿಸಿ."

ಹೆಡ್ಮೇಷ್ಟ್ರು ಮಕ್ಕಳಿಗೆ ರಾಷ್ಟ್ರಗೀತೆ ಶುರುಮಾಡಲು ಸನ್ನೆ ಮಾಡಿದರು. ಎಲ್ಲರೂ ಎದ್ದು ನಿಂತೆವು. ಅವರು ಅಲ್ಲೇ ಮೈಕಿನ ಪಕ್ಕದಲ್ಲಿ ನೆಟ್ಟಗೆ ನಿಂತರು.

ತಿಂಗಳೊಳಗೆ ಅವರಿಗೆ ವರ್ಗದ ಆರ್ಡರು ಬಂತು, ಕಡೂರು ತಾಲ್ಲೂಕಿನ ಪಂಚನಹಳ್ಳಿ ಕಡೆಗೆ. ಹೊರಡುವ ದಿನ ನಾನು ಬಸ್ ನಿಲ್ದಾಣಕ್ಕೆ ಹೋಗಿ ಅವರ ಬಲಗಡೆ ನಿಂತುಕೊಂಡೆ.

"ಅವತ್ತು ರುಜು ಹಾಕ್ಬೇಕಿತ್ತು ನಾನು."

"ಅದು ಬಿಡಿ ಮೇಡಂ" ಎಂದರು. "ನಮ್ಮವ್ವಂಗೆ ನಾನೂ ನಿಜ ಹೇಳ್ಲಿಲ್ಲ. ಬೆರಳು ತೋರಿಸ್ಕೊಂಡು ಕೇರಿಯೆಲ್ಲಾ ಓಡಾಡಿದ್ಲು. ಸಾಯೋಗಂಟ ಓಟು ಹಾಕಿದೀನಿ ಅಂತಲೇ ಅಂದ್ಕೊಂಡಿದ್ಲು."

ಬಸ್ಸು ಬಂತು. ಹತ್ತಿ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ತೀರಿಕೊಂಡ ಸುದ್ದಿ ಕಡೂರಿನಲ್ಲಿ ಒಂದು ಮದುವೆ ಮನೆಯಲ್ಲಿ ಕಿವಿಗೆ ಬಿತ್ತು, ಎರಡು ವರ್ಷ ತಡವಾಗಿ.

ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಆ ಚೇರ್ಮನ್ನರ ಮೇಲೆ, ಆ ಅಧಿಕಾರಿಯ ಮೇಲೆ, ಅವರಿಬ್ಬರಿಗಿಂತ ಹೆಚ್ಚಾಗಿ ಎರಡು ಹೋಳಿಗೆ ತಿಂದು ಬಂದ ನನ್ನ ಮೇಲೆ. ಕಷ್ಟದಲ್ಲಿರುವ ಜನರ ನೆರವಿಗೆ ಇನ್ನೊಂದು ದೇಶ ಹೋಗಲೇಬಾರದು ಎಂದು ನಾನು ಹೇಳುವವಳಲ್ಲ. ಆದರೆ ಹೋಗಿ ಬಂದವನ ಬೆರಳಿಗೆ ಮೋಸ ಮಾಡಿದವರು ಕುರ್ಚಿಯಲ್ಲಿ ಕೂತು ಯುದ್ಧಕ್ಕೆ ಚಪ್ಪಾಳೆ ತಟ್ಟುವುದನ್ನು ಕಂಡರೆ ಮೈ ಉರಿಯುತ್ತದೆ.

ನಿನ್ನೆ ಟಿವಿಯಲ್ಲಿ ಯಾವುದೋ ದೂರದ ದೇಶದ ಯುದ್ಧ ತೋರಿಸುತ್ತಿದ್ದರು. ಮೊಮ್ಮಗಳು, "ಅಲ್ಲೂ ಜನರ ಸರ್ಕಾರ ಬರ್ಲಿ ಅಂತಲೇ ತಾನೇ ಅಜ್ಜಿ ಹೋಗಿರೋದು? ಅದು ಸರಿಯಲ್ವಾ?" ಎಂದಳು. ಇಂಥದ್ದನ್ನು ಕೇಳಿ ತಿಳಿಯಬಹುದಾದ ಒಬ್ಬರನ್ನು ನಾನು ಬಲ್ಲೆ. ಹತ್ತು ವರ್ಷಕ್ಕೂ ಹೆಚ್ಚು ಒಂದೇ ಸೂರಿನಡಿ ಇದ್ದೆವು. ಆಗ ನಾನು ಕೇಳಲಿಲ್ಲ. ಈಗ ಅವರಿಲ್ಲ.